ಐದು ಚುಕ್ಕಿ, ಒಂದು ಗೀಟು

ದೊಡ್ಡ ಕೊಳಗದೊಳಗೆ ಸೊಂಟದವರೆಗೂ ಬಗ್ಗಿ ರುದ್ರಾಣಿ ಹುಣಸೆಹಣ್ಣು, ಬೂದಿ ಕಲಸಿ ತಳ ತಿಕ್ಕುತ್ತಿದ್ದಳು. ಅಷ್ಟು ದೊಡ್ಡ ಪಾತ್ರೆಯೊಳಗೆ ತಲೆ ಇಟ್ಟರೆ ಹೊರಗಿನ ಸದ್ದೆಲ್ಲ ದೂರವಾಗಿಬಿಡುತ್ತದೆ. ಬಸ್ಸಿನ ಹಾರನ್ನು, ಬೀದಿ ನಲ್ಲಿಯ ಜಗಳ, ಅಡಿಕೆ ಮಂಡಿಗೆ ಹೋಗುವ ಗಾಡಿಗಳ ಗಡಗಡ ಯಾವುದೂ ಇಲ್ಲ. ತನ್ನ ಉಸಿರು ಮಾತ್ರ ತಾಮ್ರಕ್ಕೆ ಬಡಿದು ತನಗೇ ವಾಪಸು ಬರುತ್ತದೆ. ಚನ್ನಗಿರಿಗೆ ಬಂದ ಈ ಮೂರು ವರ್ಷದಲ್ಲಿ ಅವಳ ಜೊತೆ ಹೆಚ್ಚು ಮಾತಾಡಿದ್ದು ಆ ಉಸಿರೇ ಇರಬೇಕು.

ಹೊರಗಿನಿಂದ ಯಾರೋ ಕೊಳಗಕ್ಕೆ ಬೆರಳಲ್ಲಿ ಟಕಟಕ ಬಡಿದರು.

"ಅಮ್ಮಾ, ನಲ್ಲೂರಿಂದ ಬಂದವ್ರೆ. ಭಾಳ ಸಿಟ್ಟಾಗವ್ರೆ."

ಮಗಳು ಉಡಚಮ್ಮ. ಹತ್ತು ವರ್ಷ. ಅಜ್ಜಿಯ ಹೆಸರು ಇಟ್ಟಿದ್ದರಿಂದ ಸ್ಕೂಲಲ್ಲಿ ಹುಡುಗಿಯರು ನಗುತ್ತಿದ್ದರು, ಮನೆಯಲ್ಲಿ ಉಡಚಿ. ಬೇಸಿಗೆ ರಜೆಯಾದ್ದರಿಂದ ಬೆಳಗಿನಿಂದಲೇ ಅಮ್ಮನ ಜೊತೆ ಹಿತ್ತಿಲಲ್ಲಿ ಲೋಟ ಒರೆಸುತ್ತ ಕೂತಿದ್ದಳು.

ರುದ್ರಾಣಿ ಕೈ ತೊಳೆಯದೆಯೇ ಅಂಗಡಿಯ ಮುಂದಕ್ಕೆ ಬಂದಳು. ಮೋಟಾರ್ ಸೈಕಲ್ಲಿನಿಂದ ಇಳಿಯದೆ ಒಂದು ಕಾಲನ್ನು ನೆಲಕ್ಕೆ ಊರಿ ನಿಂತಿದ್ದ ಚಿಕ್ಕಹನುಮಂತಪ್ಪ. ನಲ್ಲೂರಿನ ತಿಪ್ಪೇಶಪ್ಪನ ತಮ್ಮ. ತಿಪ್ಪೇಶಪ್ಪನ ಮಗಳ ಮದುವೆಗೆ ನಿನ್ನೆ ಬೆಳಿಗ್ಗೆಯಷ್ಟೇ ಇಲ್ಲಿಂದ ಒಂದು ಗಾಡಿ ಪಾತ್ರೆ ಹೋಗಿತ್ತು.

"ಏನವ್ವ ರುದ್ರಾಣಮ್ಮ, ನಮ್ಮನೇಲಿ ನಡೀತಿರೋದು ಮದುವೆನೋ, ತಿಥಿನೋ?"

"ಯಾಕ್ರೀ ಹಂಗಂತೀರಿ?"

"ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನೋಡಿದ್ರೆ ಸಾರಿನ ಬಕೆಟ್ಟಲ್ಲಿ ಒಂದಕ್ಕೆ ಗೀಟು ಐತೆ. ನಮ್ಮ ಲಕ್ಷ್ಮಕ್ಕತ್ತೆ ಬೆರಳಾಡಿಸಿ ನೋಡಿ, ಬಡಿಸ್ತಿದ್ದವನ ಕೈಯಿಂದ ಕಿತ್ಕಂಡು ಅಂಗಳಕ್ಕೆ ಎಸೆದ್ಲು. ಹೆಂಗಸರು ಎಲೆ ಬಿಟ್ಟು ಎದ್ರು. ಈಗ ಎಲ್ಲಾ ಪಾತ್ರೆ ಹೊರಗೆ ಬೋರಲು ಬಿದ್ದಾವೆ. ನಾಳೆ ಧಾರೆ. ಅಣ್ಣ ಬರಾಕೆ ಹೇಳವ್ನೆ, ಬಂದು ನೀನೇ ಹೇಳ್ಬೇಕಂತೆ, ಯಾವುದು ಏನು ಅಂತ."

ಅಷ್ಟು ಹೇಳಿ ಅವನು ಗಾಡಿ ಕಿಕ್ ಹೊಡೆದ. ಉಡಚಿ ಅಮ್ಮನ ಮುಖ ನೋಡಿದಳು. ರುದ್ರಾಣಿ ಕೈಯ ಬೂದಿ ನೋಡಿಕೊಂಡಳು.

ಆ ಬಕೆಟ್ಟು ಹೇಗೆ ಹೋಯಿತೆಂದು ಅವಳಿಗೆ ಗೊತ್ತಿತ್ತು. ಹಾಕಿದ್ದು ಅವಳೇ.

ಈ ಬಾಡಿಗೆ ಪಾತ್ರೆ ಅಂಗಡಿ ಅವಳ ನಾಲ್ಕನೇ ವ್ಯಾಪಾರ. ಮೊದಲನೆಯದು ಹೊನ್ನಾಳಿಯಲ್ಲಿ, ಎಪ್ಪತ್ತೊಂದರಲ್ಲಿ, ಗಂಡ ಓಂಕಾರಪ್ಪನ ಜೊತೆ ಇಟ್ಟ ಚಹಾದ ಹೋಟೆಲ್ಲು. ಬೆಳಗಿನ ಮೊದಲ ಬಸ್ಸಿನವರಿಗೆ 'ಇಲ್ಲ' ಎನ್ನಬಾರದು ಅನ್ನುವುದು ಓಂಕಾರಪ್ಪನ ಒಂದೇ ಕಾನೂನು. ಹಾಲು ಒಡೆದಿದ್ದರೂ 'ಕೂತ್ಕಳ್ರಿ, ಬಂತು' ಅಂತ ಹೇಳಿ, ಹಿಂದಿನ ಬಾಗಿಲಿಂದ ತಂಬಿಗೆ ಹಿಡಿದು ಓಡುತ್ತಿದ್ದ. ಬಸ್ಸು ನಿಲ್ಲುವ ಜಾಗವೇ ಬದಲಾದ ಮೇಲೆ ಆ ಹೋಟೆಲ್ಲಿಗೆ ಬೆಳಿಗ್ಗೆ ಬರುತ್ತಿದ್ದದ್ದು ನಾಲ್ಕು ಜನ ಮುದುಕರು, ಒಂದು ನಾಯಿ. ನಂತರ ನ್ಯಾಮತಿಯಲ್ಲಿ ಹೊಲಿಗೆ ಅಂಗಡಿ. ಅಲ್ಲಿ ಅವಳು ಕಲಿತದ್ದು, ಹಳೇ ರವಿಕೆ ತಂದುಕೊಟ್ಟು 'ಇದೇ ಅಳತೆಗೆ ಹೊಲಿ' ಅಂದವರ ಮಾತು ನಂಬದೆ ತಾನೇ ಟೇಪು ಹಿಡಿಯಬೇಕೆಂದು. ಮೈ ಬದಲಾದದ್ದು ಮೈಯವರಿಗೇ ಗೊತ್ತಿರುವುದಿಲ್ಲ. ಓಂಕಾರಪ್ಪನ ಮೈ ಹಳದಿಯಾಗುತ್ತ ಬಂದದ್ದು ಅವನಿಗೂ ಗೊತ್ತಾಗಲಿಲ್ಲ, ದಿನಾ ಎದುರಿಗೇ ಕೂತು ಕಾಜಾ ಹಾಕುತ್ತಿದ್ದ ಅವಳಿಗೂ ಗೊತ್ತಾಗಲಿಲ್ಲ. ಎಪ್ಪತ್ತೇಳರ ಮಳೆಗಾಲದಲ್ಲಿ ಅವನು ಹೋದ.

ಆಮೇಲೆ ಜಗಳೂರು. ಅಣ್ಣ ಮಹೇಶ್ವರಪ್ಪ ಕರೆದು ಐಸ್ ಕ್ಯಾಂಡಿ ಮೆಷಿನ್ನು ಹಾಕಿಸಿಕೊಟ್ಟ. ಆ ಊರಿನ ಬಿಸಿಲಿಗೆ ಕ್ಯಾಂಡಿಗಿಂತ ಒಳ್ಳೆಯ ವ್ಯಾಪಾರ ಇನ್ನೇನಿದೆ? ಆದರೆ ಬಿಸಿಲು ಏರಿದಾಗಲೇ ಕರೆಂಟು ಹೋಗುತ್ತಿತ್ತು. ಕೆಂಪು, ಹಳದಿ, ಹಸಿರು ನೀರು ಅಚ್ಚಿನಿಂದ ಸೋರಿ ಚರಂಡಿಗೆ ಹೋಗುವುದನ್ನು ಎರಡು ಬೇಸಿಗೆ ನೋಡಿದಳು. ನಮಗಾಗಿ ಕಾಯದ ಸರಕನ್ನು ಇಟ್ಟುಕೊಳ್ಳಬಾರದು ಅಂತ ಅಲ್ಲಿ ಬುದ್ಧಿ ಬಂತು. ಬಾಡಿಗೆ ಪಾತ್ರೆ ಹೊಳೆದದ್ದು ಆವಾಗ. ಪಾತ್ರೆ ಕರಗುವುದಿಲ್ಲ, ಹಳಸುವುದಿಲ್ಲ. ಒಂದು ತಿಂಗಳು ಯಾರೂ ಬಾರದಿದ್ದರೂ ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತದೆ.

ಚನ್ನಗಿರಿಯಲ್ಲಿ ಆಗಲೇ ಎರಡು ಪಾತ್ರೆ ಅಂಗಡಿ ಇದ್ದವು. ಗಂಡನಿಲ್ಲದವಳ ಕೈಯಿಂದ ಮದುವೆ ಪಾತ್ರೆ ಯಾರು ತಗೊಳ್ಳುತ್ತಾರೆ? ಮೊದಲ ಆರು ತಿಂಗಳು ಅವಳ ಪಾತ್ರೆ ಹೋದದ್ದೆಲ್ಲ ಸಾವಿನ ಊಟಕ್ಕೇ. ಆಗ ಅವಳು ಒಂದು ಉಪಾಯ ಮಾಡಿದಳು. ಇರುವ ಪಾತ್ರೆಯನ್ನು ಎರಡು ಭಾಗ ಮಾಡಿ, ಪಕ್ಕದ ಕಲಾಯಿ ಅಂಗಡಿಯ ಮುಖ್ತಾರ್ ಕೈಯಲ್ಲಿ ಒಂದೊಂದರ ಕಂಠದ ಕೆಳಗೂ ಉಳಿಯಿಂದ ಗುರುತು ಹಾಕಿಸಿದಳು. ಮದುವೆ, ನಾಮಕರಣಕ್ಕೆ ಹೋಗುವುದಕ್ಕೆ ಐದು ಚುಕ್ಕಿಯ ಹೂವು. ತಿಥಿಗೆ ಹೋಗುವುದಕ್ಕೆ ಒಂದು ಗೀಟು. ಬಂದವರಿಗೆಲ್ಲ ತಾನೇ ಪಾತ್ರೆ ಬಗ್ಗಿಸಿ ತೋರಿಸಿದಳು: "ನೋಡ್ರಿ, ಬೇರೆ ಅಂಗಡೀಲಿ ಎಲ್ಲಾ ಒಂದೇ. ನಮ್ಮಲ್ಲಿ ಇದು ಅದಕ್ಕೆ ಹೋಗಾಕಿಲ್ಲ, ಅದು ಇದಕ್ಕೆ ಬರಾಕಿಲ್ಲ." ಮಾತು ಹಬ್ಬಿತು. ಕತ್ತಲಗೆರೆಯಿಂದ, ನಲ್ಲೂರಿಂದ, ಎಲ್ಲೆಲ್ಲಿಂದಲೋ ಗಾಡಿ ಬಂದು ನಿಲ್ಲತೊಡಗಿದವು. ಪಾತ್ರೆಗಳು ಎಲ್ಲರ ಮದುವೆಗೂ ಹೋದವು. ಅವಳನ್ನು ಯಾರೂ ಕರೆಯಲಿಲ್ಲ.

ವಾಪಸು ಬಂದ ಪಾತ್ರೆಯನ್ನು ಬೇರೆ ಮಾಡುವುದು ಉಡಚಿಯ ಕೆಲಸ. ಅವಳು ನೋಡುತ್ತಲೇ ಇರಲಿಲ್ಲ. ತೋರುಬೆರಳನ್ನು ಕಂಠದ ಕೆಳಗೆ ಸುಮ್ಮನೆ ಒಂದು ಸುತ್ತು ಓಡಿಸಿ, 'ಹೂ' ಅಂತ ಬಲಕ್ಕೆ, 'ಗೀಟು' ಅಂತ ಎಡಕ್ಕೆ. ಒಂದು ದಿನವೂ ತಪ್ಪಿದ್ದಿಲ್ಲ.

ತಿಪ್ಪೇಶಪ್ಪ ಕೇಳಿದ್ದು ಹನ್ನೆರಡು ಬಕೆಟ್ಟು. ಹೂವಿನವು ಹನ್ನೆರಡೇ ಇದ್ದದ್ದು, ಅದರಲ್ಲಿ ಒಂದರ ಕಿವಿ ಕಿತ್ತು ಮುಖ್ತಾರ್ ಹತ್ತಿರ ರಿಪೇರಿಗೆ ಹೋಗಿತ್ತು; ಮುಖ್ತಾರ್ ಅಂಗಡಿ ಬಾಗಿಲು ಹಾಕಿಕೊಂಡು ಉರುಸಿಗೆ ಹೋಗಿದ್ದ. ಹನ್ನೊಂದೇ ಇರೋದು ಅಂದಿದ್ದರೆ ಮುಗಿದಿತ್ತು. ಆದರೆ ಓಂಕಾರಪ್ಪನ ಜೊತೆ ಬದುಕಿದ ಬಾಯಿಗೆ 'ಇಲ್ಲ' ಅನ್ನುವುದು ಬರುವುದಿಲ್ಲ. ಉಡಚಿ ಬೇರೆ ಮಾಡಿ ಇಟ್ಟು ನೀರಿಗೆ ಹೋದಾಗ, ರುದ್ರಾಣಿ ಎಡಗಡೆಯ ಸಾಲಿಂದ ಒಂದು ಬಕೆಟ್ಟು ತೆಗೆದು ಬಲಗಡೆ ಇಟ್ಟಳು. ತಾನೇ ಮೂರು ಸಲ ಬೂದಿ ಹಾಕಿ ತಿಕ್ಕಿದ ಬಕೆಟ್ಟು, ಕನ್ನಡಿಯ ಹಾಗಿತ್ತು. ಹಿತ್ತಾಳೆಗೆ ಏನು ಗೊತ್ತು, ಯಾರ ಮನೆಯಲ್ಲಿ ಅತ್ತರು, ಯಾರ ಮನೆಯಲ್ಲಿ ನಕ್ಕರು ಅಂತ? ಯಾರು ಕಂಠದ ಕೆಳಗೆ ಕೈ ಹಾಕಿ ನೋಡುತ್ತಾರೆ?

ನೋಡುವುದನ್ನು ಹೇಳಿಕೊಟ್ಟದ್ದೇ ಅವಳು. ಎರಡು ತಿಂಗಳ ಹಿಂದೆ ಕತ್ತಲಗೆರೆಯಲ್ಲಿ ತೀರಿಕೊಂಡ ತನ್ನ ತಮ್ಮನ ತಿಥಿಗೆ ಪಾತ್ರೆ ಒಯ್ಯಲು ಬಂದಿದ್ದ ಲಕ್ಷ್ಮಕ್ಕನ ಬೆರಳು ಹಿಡಿದು, 'ಇಲ್ಲಿ ಮುಟ್ಟಿ ನೋಡಕ್ಕ, ಗೀಟು' ಅಂದಿದ್ದಳು.

ನಲ್ಲೂರಿನ ಬಸ್ಸಿನಲ್ಲಿ ತಾಯಿ ಮಗಳು ಹಿಂದಿನ ಸೀಟಿನಲ್ಲಿ ಕೂತರು. ರುದ್ರಾಣಿಯ ತಲೆಯೊಳಗೆ ಲೆಕ್ಕಾಚಾರ ನಡೆದಿತ್ತು. ಬೇಕಂತಲೇ ಹಾಕಿದೆ ಅಂದರೆ ಈ ಊರಲ್ಲಿ ಇನ್ನೊಂದು ಮದುವೆಗೂ ತನ್ನ ಪಾತ್ರೆ ಹೋಗುವುದಿಲ್ಲ. ಮತ್ತೆ ಗಂಟುಮೂಟೆ ಕಟ್ಟಬೇಕು. ಐದನೇ ಊರು ಯಾವುದು? ಉಡಚಿ ಆಗಲೇ ಎರಡು ಸ್ಕೂಲು ನೋಡಿದ್ದಳು. ಕೈತಪ್ಪಿ ಹೋಯಿತು ಅಂದರೆ? ಆಗ 'ಉಳಿದವೂ ಹಂಗೇ ಬಂದಿರಬಹುದು' ಅನ್ನುತ್ತಾರೆ. ಅದಕ್ಕೇ ಮಗಳನ್ನು ಕರೆದುಕೊಂಡು ಹೊರಟದ್ದು. ಒಂದೊಂದನ್ನೂ ಅವರ ಮುಂದೆಯೇ ನೋಡಿ ತೋರಿಸಿಬಿಡಲಿ ಅಂತ.

ತಿಪ್ಪೇಶಪ್ಪನ ಮನೆ ಮುಂದೆ ಹಸಿ ತೆಂಗಿನಗರಿಯ ಚಪ್ಪರ. ರುದ್ರಾಣಿ ಅಭ್ಯಾಸದಿಂದ ಚಪ್ಪರದ ಹೊರಗೇ ನಿಂತಳು. ಅಂಗಳದಲ್ಲಿ ಅವಳ ಕೊಳಗ, ಡಬರಿ, ಬಕೆಟ್ಟು, ಲೋಟಗಳೆಲ್ಲ ಬಿಸಿಲಿಗೆ ಬೋರಲಾಗಿ ಬಿದ್ದಿದ್ದವು. ಗೀಟಿನ ಬಕೆಟ್ಟು ಮಾತ್ರ ದೂರ, ಬೇಲಿಯ ಹತ್ತಿರ.

"ಬಂದ್ಲಪ್ಪ ಪಾತ್ರೆಯಮ್ಮ," ಅಂದಳು ಜಗುಲಿ ಮೇಲೆ ಅಕ್ಕಿ ಆರಿಸುತ್ತಿದ್ದ ಒಬ್ಬಳು.

"ಇನ್ನೇನು, ಗೀಟು ಎಲ್ಲೈತೋ ಅಲ್ಲಿಗೆ ಬರೋದೇ ಅಭ್ಯಾಸ ಅಲ್ವೇನೇ," ಅಂದಳು ಇನ್ನೊಬ್ಬಳು. ಇಬ್ಬರೂ ಸೆರಗಿನಲ್ಲಿ ನಕ್ಕರು.

ತಿಪ್ಪೇಶಪ್ಪ ಒರಟನಲ್ಲ. ಆದರೆ ಮದುವೆಯ ಹಿಂದಿನ ದಿನ ಹೆಣ್ಣಿನ ತಂದೆಗೆ ಎಷ್ಟು ತಾಳ್ಮೆ ಇರಬಹುದೋ ಅಷ್ಟೇ ಇತ್ತು. "ನಿನ್ನ ನಂಬಿ ಪಾತ್ರೆ ತರಿಸಿದ್ದು ಕಣವ್ವ. ಗಂಡಿನ ಕಡೆಯೋರು ಸಂಜೆ ಬರ್ತಾರೆ. ಇದರಾಗೆ ಇನ್ನೆಷ್ಟವೆ, ಹೇಳು."

"ಒಂದೂ ಇಲ್ಲ ಅಣ್ಣ. ನಿಮ್ಮ ಎದುರಿಗೇ ನೋಡ್ತೀವಿ," ಅಂದಳು ರುದ್ರಾಣಿ. "ಉಡಚಿ, ಕೂತ್ಕ."

ಮಗಳು ಲಂಗ ಮಡಚಿಕೊಂಡು ಪಾತ್ರೆಗಳ ನಡುವೆ ಕುಕ್ಕರಗಾಲಲ್ಲಿ ಕೂತಳು. ತಾಯಿ ಎತ್ತಿಕೊಡುವುದು, ಮಗಳು ಬೆರಳು ಓಡಿಸುವುದು. "ಹೂ." ಪಕ್ಕಕ್ಕೆ. "ಹೂ." ಪಕ್ಕಕ್ಕೆ. ಲಕ್ಷ್ಮಕ್ಕ ಎದ್ದುಬಂದು ಒಂದೊಂದನ್ನೂ ತನ್ನ ಬೆರಳಿನಿಂದ ಮತ್ತೆ ನೋಡಿದಳು. ಮೊದಲು ಮುಖ ಗಂಟಿಕ್ಕಿಕೊಂಡಿದ್ದವಳು ಐವತ್ತು ಲೋಟ ದಾಟುವಷ್ಟರಲ್ಲಿ ನೋಡುವುದನ್ನು ಬಿಟ್ಟು ಹುಡುಗಿಯ ಕೈಯನ್ನೇ ನೋಡುತ್ತ ಕೂತಳು. ಜಗುಲಿಯವರೂ ಇಳಿದು ಬಂದರು.

"ಯವ್ವಾ, ಈ ಕೂಸು ಕಣ್ಣು ಮುಚ್ಕಂಡು ಹೇಳ್ತಾಳಲ್ರೇ!"

"ಬೆರಳಿಗೇ ಕಣ್ಣು ಹುಟ್ಟವೆ ಅನ್ನು."

ಉಡಚಿಯ ಮುಖದಲ್ಲಿ ಒಂದು ಸಣ್ಣ ನಗು ಬಂತು. ಅವಳನ್ನು ನೋಡಲು ಅಷ್ಟು ಜನ ಯಾವತ್ತೂ ಕೂತಿರಲಿಲ್ಲ.

ಎಲ್ಲ ಮುಗಿಯಿತು. ಎಲ್ಲವೂ ಹೂವೇ. ತಿಪ್ಪೇಶಪ್ಪ ಹೆಗಲಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಸರಿ ಹಂಗಾದ್ರೆ. ಇದೊಂದು ಹೆಂಗೆ ಸೇರ್ಕಂತು?"

ರುದ್ರಾಣಿ ಬಾಯಿ ತೆರೆದಳು. ಏನು ಹೇಳಬೇಕೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಲಕ್ಷ್ಮಕ್ಕ ಕೇಳಿದಳು: "ಅಂಗಡೀಲಿ ಬೇರೆ ಮಾಡೋರು ಯಾರು?"

"ನಾನೇ," ಅಂದಳು ಉಡಚಿ. ಹೆಮ್ಮೆಯಿಂದಲೇ ಅಂದಳು.

ಚಿಕ್ಕಹನುಮಂತಪ್ಪ ಗಹಗಹಿಸಿ ನಕ್ಕ. "ತಗಾ! ಮಗು ಕೈಯಾಗೆ ಮಾಡ್ಸಿದ್ರೆ ಇನ್ನೇನಾಗ್ತದೆ! ನಾವಿಲ್ಲಿ ರಾತ್ರಿಯಿಂದ ದೊಡ್ಡ ಕೇಸು ಮಾಡ್ಕಂಡು ಕೂತಿದ್ವಲ್ಲೋ ಅಣ್ಣ."

ಅಂಗಳವೆಲ್ಲ ಸಡಿಲವಾಯಿತು. ಹೆಂಗಸರು ನಕ್ಕರು, ಲಕ್ಷ್ಮಕ್ಕನೂ ನಕ್ಕಳು. ಅಷ್ಟು ಸುಲಭವಾಗಿ ಎಲ್ಲ ಮುಗಿದುಹೋಗುತ್ತದೆಂದು ರುದ್ರಾಣಿ ಎಣಿಸಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಆದರೆ ಅವಳು ಸುಮ್ಮನೂ ಇರಲಿಲ್ಲ. ಬಾಯಿ ತಾನಾಗಿ ಹೇಳಿಬಿಟ್ಟಿತು:

"ಅವತ್ತು ಮೋಡ ಮುಸುಕಿತ್ತು ನೋಡ್ರಿ. ಕತ್ತಲಲ್ಲಿ ಮಗೂಗೆ ಕಂಡಿರಾಕಿಲ್ಲ."

ಉಡಚಿ ತಲೆ ಎತ್ತಿ ತಾಯಿಯನ್ನು ನೋಡಿದಳು. ಬೆರಳಿಗೆ ಬೆಳಕು ಬೇಕಿಲ್ಲ ಅನ್ನುವುದು ಆ ಅಂಗಳದಲ್ಲಿ ಆಗ ಎಲ್ಲರಿಗೂ ಗೊತ್ತಿತ್ತು. ಆದರೆ ನಗುತ್ತಿದ್ದವರಿಗೆ ನೆನಪಾಗಲಿಲ್ಲ. ಹುಡುಗಿ ತನ್ನ ತೋರುಬೆರಳನ್ನು ಲಂಗಕ್ಕೆ ಒರೆಸಿಕೊಂಡಳು.

"ಹೋಗ್ಲಿ ಬಿಡು ಕೂಸೇ. ಇನ್ಮೇಲೆ ಸರಿಯಾಗಿ ನೋಡ್ಬೇಕು, ಆಯ್ತಾ?" ಅಂತ ಲಕ್ಷ್ಮಕ್ಕ ಒಂದು ಕರ್ಜಿಕಾಯಿ ತಂದು ಅವಳ ಕೈಗಿಟ್ಟಳು. ತಿಪ್ಪೇಶಪ್ಪ, "ನಾಳೆ ಊಟಕ್ಕೆ ಇಬ್ರೂ ಬರ್ರಿ, ತಪ್ಪಿಸಬ್ಯಾಡ್ರಿ," ಅಂದ. ಮೂರು ವರ್ಷದಲ್ಲಿ ಚನ್ನಗಿರಿ ಸೀಮೆಯಲ್ಲಿ ಅವಳನ್ನು ಮದುವೆಗೆ ಕರೆದ ಮೊದಲ ಮನೆ ಅದು.

ಬಸ್ಸಲ್ಲಿ ಉಡಚಿ ಕಿಟಕಿ ಪಕ್ಕ ಕೂತಳು. ಕರ್ಜಿಕಾಯಿ ಕೈಯಲ್ಲೇ ಇತ್ತು.

"ತಿನ್ನೇ."

"ಆಮೇಲೆ."

ಮಾರನೇ ದಿನ ರುದ್ರಾಣಿ ಪೆಟ್ಟಿಗೆಯಿಂದ ಒಳ್ಳೇ ಸೀರೆ ತೆಗೆದು ಇಟ್ಟಳು. ಉಡಚಿ ಹೊಟ್ಟೆ ನೋವು ಅಂದಳು. ಮಗಳನ್ನು ಬಿಟ್ಟು ಹೋಗುವುದು ಹೇಗೆ ಅಂತ ತನಗೆ ತಾನೇ ಹೇಳಿಕೊಂಡು ತಾಯಿ ಸೀರೆಯನ್ನು ಮತ್ತೆ ಮಡಿಸಿಟ್ಟಳು. ಆ ಮಧ್ಯಾಹ್ನ ಇಬ್ಬರೂ ಅನ್ನ, ಮಜ್ಜಿಗೆ ಉಂಡರು. ಉಡಚಿಯ ಹೊಟ್ಟೆ ನೋವು ಎರಡನೇ ಸಲ ಅನ್ನ ಹಾಕಿಸಿಕೊಂಡಿತು.

ನಲ್ಲೂರಿನ ಪಾತ್ರೆ ವಾಪಸು ಬಂದವು. ಹುಡುಗಿ ಎಂದಿನಂತೆ ಬೇರೆ ಮಾಡಲು ಕೂತಳು. ರುದ್ರಾಣಿ ಒಲೆಯ ಹತ್ತಿರದಿಂದ ಕೇಳಿಸಿಕೊಳ್ಳುತ್ತಿದ್ದಳು. 'ಹೂ' ಅನ್ನುವ ಸದ್ದು ಬರಲಿಲ್ಲ. ಎದ್ದು ಬಂದು ನೋಡಿದರೆ ಉಡಚಿ ಒಂದು ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿಗೆ ಹತ್ತಿರ ತಂದು ನೋಡುತ್ತಿದ್ದಳು. ಬೆರಳಾಡಿಸಿದಳು. ಮತ್ತೆ ಬೆಳಕಿಗೆ ಹಿಡಿದಳು. ಬಲಗಡೆ ಇಟ್ಟವಳು ಎರಡು ಲೋಟ ಆದಮೇಲೆ ಅದನ್ನೇ ವಾಪಸು ತೆಗೆದುಕೊಂಡಳು.

"ಅಮ್ಮಾ, ಇದು ಹೂನಾ ನೋಡು."

"ಹೂನೇ ಕಣೇ. ನಿಂಗೆ ಗೊತ್ತಿಲ್ವಾ?"

"ಗೊತ್ತೈತೆ. ಆದ್ರೂ ನೋಡು."

ಅರ್ಧ ಗಂಟೆಯ ಕೆಲಸ ಬೆಳಗಿನಿಂದ ಊಟದ ಹೊತ್ತಿನವರೆಗೆ ಹೋಯಿತು. ಮುಂದಿನ ಸಲ ಇನ್ನೂ ನಿಧಾನ. ಅದರ ಮುಂದಿನ ಸಲ, "ನೀನೇ ಮಾಡಮ್ಮ, ನಂಗೆ ಬರಲ್ಲ," ಅಂತ ಎದ್ದು ಹೋಗಿ ಹೊಸ್ತಿಲ ಮೇಲೆ ಕೂತಳು. ರುದ್ರಾಣಿಯೇ ಮಾಡಿದಳು. ಮಗಳ ಬೆರಳಿನ ಚುರುಕು ಅವಳಿಗಿರಲಿಲ್ಲ. ಕಣ್ಣಿಂದ ನೋಡಿ, ಮುಟ್ಟಿ, ಇಡುತ್ತ ಹೋದಳು. ಕೋಣೆಯೊಳಗೆ ಲೋಟ ಲೋಟಕ್ಕೆ ತಾಗುವ ಸದ್ದು ಬಿಟ್ಟರೆ ಏನೂ ಇಲ್ಲ. ಓಂಕಾರಪ್ಪ ಹೋದ ದಿನವೂ ಅವಳಿಗೆ ಮನೆ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಆಗ ಮಡಿಲಲ್ಲಿ ನಾಲ್ಕು ವರ್ಷದ ಇದೇ ಕೂಸು ಏನೇನೋ ಕೇಳುತ್ತ ಕೂತಿತ್ತು.

ವ್ಯಾಪಾರ ಮಾತ್ರ ಏರಿತು. ಅಂಗಳದಲ್ಲಿ ಕೂತು ಎಲ್ಲಾ ಪಾತ್ರೆ ತೋರಿಸಿದಳಂತೆ, ಅಂಥ ನಿಯತ್ತು ಬೇರೆ ಯಾರಿಗಿದೆ ಅಂತ ಲಕ್ಷ್ಮಕ್ಕ ಹೋದಲ್ಲೆಲ್ಲ ಹೇಳಿದಳು. ಮದುವೆಯ ಗಾಡಿಗಳು ಬಂದವು. ಬಂದವರು, "ಎಲ್ಲಿ, ಆ ಹುಡುಗಿ? ಬೆರಳಲ್ಲಿ ಓದ್ತಾಳಂತಲ್ಲ? ನಮ್ಮದನ್ನ ಸರಿಯಾಗಿ ನೋಡು ಮಗಾ, ಕತ್ಲಾಗೆ ನೋಡ್ಬ್ಯಾಡ!" ಅಂತ ತಮಾಷೆ ಮಾಡಿ ಕೆನ್ನೆ ಹಿಂಡುತ್ತಿದ್ದರು. ಉಡಚಿ ಕೆನ್ನೆ ಕೊಟ್ಟು ನಿಲ್ಲುತ್ತಿದ್ದಳು. ಬಯ್ದಿದ್ದರೆ ಆಗುತ್ತಿತ್ತು ಅನ್ನಿಸುತ್ತಿತ್ತು ರುದ್ರಾಣಿಗೆ.

ಹೇಳಬೇಕೆಂದು ಅವಳು ಎಷ್ಟೋ ಸಲ ಹೊರಟಳು. ಜಡೆ ಹಾಕುವಾಗ ಹೇಳೋಣ ಅಂದುಕೊಂಡಳು. ಬೆನ್ನು ಈ ಕಡೆ ಇರುತ್ತದೆ, ಮುಖ ನೋಡಬೇಕಿಲ್ಲ. ಜಡೆ ಮುಗಿಯಿತು, ಟೇಪು ಕಟ್ಟಿದ್ದಾಯಿತು, ಮಾತು ಬರಲಿಲ್ಲ. ನಾಲ್ಕು ಊರಿನಲ್ಲಿ ಕಲಿತದ್ದನ್ನೆಲ್ಲ ಈ ಮಗಳಿಗೆ ಕತೆಯ ಹಾಗೆ ಹೇಳಿದ್ದಳು. ಒಡೆದ ಹಾಲು, ಹಳೇ ರವಿಕೆ, ಚರಂಡಿಯಲ್ಲಿ ಹರಿದ ಬಣ್ಣದ ನೀರು. ಇದನ್ನು ಯಾವ ಕತೆಯ ಹಾಗೆ ಹೇಳುವುದು?

ಮುಖ್ತಾರ್ ಉರುಸಿಗೆ ಹೋದವನು ಅಲ್ಲಿಂದಲೇ ಯಾವುದೋ ಮಸೀದಿಯ ಹಂಡೆಗಳ ಕಲಾಯಿ ಕೆಲಸಕ್ಕೆ ಹೋಗಿಬಿಟ್ಟಿದ್ದ. ಜೂನ್ ತಿಂಗಳ ಮೊದಲ ವಾರ, ಸ್ಕೂಲು ಶುರುವಾದ ಮೇಲೆ, ಒಂದು ಸಂಜೆ ಕಿವಿ ಕೂಡಿಸಿದ ಬಕೆಟ್ಟು ತಂದು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟ.

"ತಗೋರಕ್ಕ. ತಡ ಆಯ್ತು, ಬಯ್ಬ್ಯಾಡ್ರಿ. ಹೂವಿಂದು ಒಂದು ಕಮ್ಮಿ ಬಿದ್ದು ಮದುವೆ ಸೀಜನ್ನಾಗೆ ಪೇಚಾಟ ಆಗಿರಬೇಕಲ್ಲ?"

"ಇಲ್ಲ ಬಿಡಪ್ಪ, ಹೆಂಗೋ ಆಯ್ತು," ಅಂದಳು ರುದ್ರಾಣಿ ಬೇಗ ಬೇಗ.

ಉಡಚಿ ಪಾಟಿಚೀಲ ಹೆಗಲಲ್ಲಿ ಹಾಕಿಕೊಂಡೇ ನಿಂತಿದ್ದಳು. ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಅವಳು ಅದನ್ನು ಸಾಲಿನ ಕೊನೆಗೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ತುಂಬಾ ಹೊತ್ತು ಯಾವ ಸದ್ದೂ ಬರಲಿಲ್ಲ. ರುದ್ರಾಣಿ ಬಾಗಿಲಿಗೆ ಬಂದು ನೋಡಿದಾಗ ಹುಡುಗಿ ಆ ಸಾಲಿನ ಮುಂದೆ ನಿಂತು, ಒಂದೊಂದರ ಮೇಲೂ ಕೈಯಿಟ್ಟು, ತುಟಿಯಲ್ಲೇ ಎಣಿಸುತ್ತಿದ್ದಳು. ಹನ್ನೆರಡಕ್ಕೆ, ಈಗ ತಾನೇ ತಂದಿಟ್ಟದ್ದರ ಮೇಲೆ, ಕೈ ನಿಂತಿತು. ತಾಯಿಯನ್ನು ನೋಡಿ ಕಾಲು ತೊಳೆಯಲು ಹಿತ್ತಿಲಿಗೆ ಹೋದಳು.

ಅವತ್ತು ಕೇಳಲಿಲ್ಲ. ಮಾರನೇ ದಿನವೂ ಕೇಳಲಿಲ್ಲ. ರೊಟ್ಟಿ ತಿಂದಳು, ಮಗ್ಗಿ ಒಪ್ಪಿಸಿದಳು, ಮಲಗುವಾಗ ಎಂದಿನ ಹಾಗೆ ತಾಯಿಯ ಸೆರಗು ಹಿಡಿಯದೆ ಗೋಡೆಯ ಕಡೆ ತಿರುಗಿದಳು. ನಾಲ್ಕನೇ ದಿನ ಭಾನುವಾರ. ಕತ್ತಲಗೆರೆಯಿಂದ ಎರಡು ಮನೆಯ ಪಾತ್ರೆ ಒಂದೇ ಗಾಡಿಯಲ್ಲಿ ಕಲೆತು ಬಂದಿದ್ದವು, ಒಂದು ನಾಮಕರಣದ್ದು, ಒಂದು ತಿಥಿಯದು. ರುದ್ರಾಣಿ ರಾಶಿಯ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಉಡಚಿ ಬಂದು ಎದುರಿಗೆ ಕೂತಳು. ಯಾರೂ ಕರೆದಿರಲಿಲ್ಲ.

ತಾಯಿ ಒಂದು ಡಬರಿ ಎತ್ತಿಕೊಟ್ಟಳು. ಮಗಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಂಠದ ಕೆಳಗೆ ಕೈ ಹಾಕಲಿಲ್ಲ. ಅದರ ಹೊಳಪಿನಲ್ಲಿ ಕಾಣುತ್ತಿದ್ದ ತನ್ನ ಮುಖವನ್ನೇ ನೋಡುತ್ತ, ಯಾವುದೋ ಪಾಠದ ಪ್ರಶ್ನೆ ಕೇಳುವ ಹಾಗೆ, ಮೆಲ್ಲಗೆ, ಆದರೆ ಸ್ಪಷ್ಟವಾಗಿ ಕೇಳಿದಳು:

"ಅಮ್ಮಾ, ಅವತ್ತು ನಲ್ಲೂರಲ್ಲಿ ಎಲ್ರೂ ನಗ್ತಿದ್ರಲ್ಲ, ಆವಾಗ, ತಪ್ಪು ನಂದಲ್ಲ ಅಂತ ನಿಂಗೆ ಗೊತ್ತಿತ್ತಾ?"